ಕಾಳು ಹಸನು ಮಾಡುವ ಕೈ

ನನ್ನ ಸಾರಿಗೆ ಉಪ್ಪು ಹೆಚ್ಚಾಗಿದೆ ಅನ್ನಿ, ಸುಮ್ಮನಿರುತ್ತೇನೆ. ನನ್ನ ರೊಟ್ಟಿ ದಪ್ಪ ಅನ್ನಿ, ಅದೂ ಹೋಗಲಿ, ನಾಳೆ ತೆಳ್ಳಗೆ ಬಡಿದರಾಯಿತು. ಆದರೆ ನಾನು ಕೊಟ್ಟ ಬೀಜ ಹುಟ್ಟಲಿಲ್ಲ ಎಂದು ಯಾರಾದರೂ ಅಂದರೆ ಮಾತ್ರ ನನ್ನ ಸಿಟ್ಟು ನನ್ನ ಮಾತನ್ನೇ ಕೇಳುವುದಿಲ್ಲ. ಕರಜಗಿಯಲ್ಲಿ ಹುಟ್ಟಿದ ನಾನು ಸರಸಂಬಾಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತು. ಬಂದ ಎರಡನೇ ವರ್ಷಕ್ಕೇ ನಮ್ಮ ಅತ್ತೆ ಬೀಜದ ಕೋಣೆಯ ಕೀಲಿಕೈ ನನ್ನ ಕೈಗೆ ಕೊಟ್ಟರು. ಅಂದಿನಿಂದ ಜೋಳ, ತೊಗರಿ, ಕಡಲೆ, ಈಚೆಗೆ ಬಂದ ಸೋಯಾ, ಯಾವುದೇ ಇರಲಿ, ನಮ್ಮ ಮನೆಯ ಬೀಜ ಅಂದರೆ ನನ್ನ ಬೀಜ. ಊರಲ್ಲಿ ಯಾರ ಬೀಜಕ್ಕೆ ಹುಳು ಬಿದ್ದರೂ ನಮ್ಮ ಬಾಗಿಲಿಗೇ ಬರುತ್ತಾರೆ. ಆ ಹೆಸರಿನ ಸೊಕ್ಕಿನಲ್ಲಿ ನಾನು ಮಾಡಿದ ಒಂದು ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದೇ ನನ್ನ ಗೋಳು.

ನಮ್ಮ ಎದುರು ಮನೆಯವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಅವರ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ನಾನು ಅವಳಿಗೆ ಭಾಬಿ ಅನ್ನುತ್ತೇನೆ, ಅವಳು ನನಗೆ ಅಕ್ಕಾ ಅನ್ನುತ್ತಾಳೆ. ಅವಳ ಗಂಡನಿಗೆ ನಾನು ಭಾಯಿ ಅನ್ನುತ್ತೇನೆ. ಆತನ ನಾಲ್ಕು ಎಕರೆಯ ಪಕ್ಕಕ್ಕೇ ಇನ್ನೆರಡು ಎಕರೆ ಇದೆ. ಅದು ಭಾಬಿಗೆ ತವರಿನಿಂದ ಬಂದ ಪಾಲು. ಕಾಗದದಲ್ಲಿ ಅವಳ ಹೆಸರು. ಆದರೆ ಏನು ಬಿತ್ತಬೇಕು, ಯಾವಾಗ ಬಿತ್ತಬೇಕು ಎಂಬುದೆಲ್ಲ ಭಾಯಿಯ ಮಾತು. ಅವಳ ಪಾಲಿಗೆ ಉಳಿದದ್ದು ಕಳೆ ತೆಗೆಯುವುದು, ಬುತ್ತಿ ಒಯ್ಯುವುದು, ಮತ್ತು ಬಿತ್ತುವ ದಿನ ಕೂರಿಗೆಯ ಹಿಂದೆ ನಡೆದು ಅದರ ಬಟ್ಟಲಿಗೆ ಕಾಳು ಬಿಡುವುದು. ಕಾಳು ಬಿಡುವ ಕೈ ಮಾತ್ರ ನಮ್ಮ ಕಡೆ ಹೆಣ್ಣುಮಕ್ಕಳದೇ. ಒಂದೇ ಸಮನೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಬಿಡಬೇಕು. ಭಾಬಿಯ ಕೈ ಅದರಲ್ಲಿ ಪಳಗಿದ್ದು. ಅವಳು ಬಿಟ್ಟ ಸಾಲು ದಾರ ಹಿಡಿದ ಹಾಗೆ ಬರುತ್ತಿತ್ತು.

ಎರಡು ವರ್ಷದ ಹಿಂದಿನ ಮುಂಗಾರು ಅದು. ಭಾಯಿ ಸೋಯಾ ಬೀಜದ ಚೀಲಕ್ಕೆಂದು ಎರಡು ಸಲ ಆಳಂದಕ್ಕೆ ಹೋಗಿ ಸಾಲಿನಲ್ಲಿ ಪಾಳಿ ಹಚ್ಚಿ ಬರಿಗೈಯಲ್ಲಿ ಬಂದಿದ್ದ. ಆ ವರ್ಷ ನಮ್ಮ ಹೊಲಕ್ಕೆಲ್ಲ ಜೇವರ್ಗಿ ಕಡೆಯಿಂದ ತಂದ ತೊಗರಿ ಹಾಕಬೇಕು ಅಂತ ನಮ್ಮವರು ನಿರ್ಧರಿಸಿದ್ದರು. ಹಾಗಾಗಿ ಬೀಜಕ್ಕೆಂದು ನಾನು ಎತ್ತಿಟ್ಟ ಎರಡು ಚೀಲ ಸೋಯಾ ಹಾಗೇ ಕುಳಿತಿತ್ತು. ಭಾಬಿ ಒಂದು ದಿನ ಬಂದು ಕಟ್ಟೆಯ ಮೇಲೆ ಕೂತಳು.

"ಅಕ್ಕಾ, ನಿನ್ನ ಬೀಜ ನನ್ನ ಎರಡು ಎಕರೇಕ ಕೊಡು. ನಮ್ಮವ್ರಿಗಿ ಹೇಳೇನಿ, ಈ ಸಲ ನನ್ನ ಹೊಲ ನಾ ಹೇಳಿದಂಗ ಬಿತ್ರಿ ಅಂತ. ಒಪ್ಪ್ಯಾರ. ಇದು ಛಲೋ ಹುಟ್ಟಿತಂದ್ರ ಮುಂದಿನ ವರ್ಷದಿಂದ ಎರಡು ಎಕರೆ ನಿಂದು, ನೀನ ನೋಡ್ಕೊ ಅಂದಾರ."

"ಹುಟ್ಟಲಿಲ್ಲ ಅಂದ್ರ?"

"ಹುಟ್ಟಲಿಲ್ಲ ಅಂದ್ರ ಮತ್ತ ಬಾಯಿ ತಗೀಬ್ಯಾಡ ಅಂದಾರ," ಎಂದು ನಕ್ಕಳು.

"ಅಯ್ಯ, ಹುಟ್ಟಲಾರದ ಏನ್ ಮಾಡ್ತದ ಬೇ! ಬೀಜ ನಂದು," ಅಂದೆ.

ಸೋಯಾ ಬೀಜ ಜೋಳದ ಹಾಗಲ್ಲ. ಜೋಳಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಮರೆತುಬಿಡಿ, ವರ್ಷ ಕಳೆದರೂ ಸೂಜಿಯ ಹಾಗೆ ನೆಲ ಚುಚ್ಚಿಕೊಂಡು ಬರುತ್ತದೆ. ತೊಗರಿಯೂ ಗಟ್ಟಿ. ಅದು ತನ್ನ ಎರಡು ಬೇಳೆಯನ್ನು ಮಣ್ಣಿನಲ್ಲೇ ಬಿಟ್ಟು ಬರಿ ಕುಡಿಯನ್ನು ಮೇಲೆ ಕಳಿಸುತ್ತದೆ. ಈ ಸೋಯಾ ಮಾತ್ರ ಬಲು ನಾಜೂಕು. ಅದರ ಸಿಪ್ಪೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಮೊಳಕೆಯ ಜೀವ ಆ ಸಿಪ್ಪೆಯ ಅಂಚಿಗೇ ಇರುತ್ತದೆ. ಚೀಲವನ್ನು ಎತ್ತರದಿಂದ ಒಗೆದರೆ ಸಾಕು, ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಜೀವ ಹೋಗಿರುತ್ತದೆ. ಬಿತ್ತಿದ ಮೇಲೂ ಎರಡೂ ಬೇಳೆಯನ್ನು ಕುತ್ತಿಗೆಯ ಮೇಲೆ ಹೊತ್ತುಕೊಂಡೇ ನೆಲದಿಂದ ಮೇಲೇಳಬೇಕು. ಎರಡು ಬೆರಳಿಗಿಂತ ಆಳಕ್ಕೆ ಬಿದ್ದರೆ ಏಳಲಾರದು. ಜೋರು ಮಳೆ ಹೊಡೆದು, ಮರುದಿನ ಬಿಸಿಲು ಬಿದ್ದು, ನಮ್ಮ ಕರಿಮಣ್ಣು ಗಾಯದ ಹಕ್ಕಳೆಯಂತೆ ಗಟ್ಟಿಯಾದರೆ ಕುತ್ತಿಗೆ ಮುರಿದುಕೊಂಡು ಅಲ್ಲೇ ಸಾಯುತ್ತದೆ. ನೀರು ಕಡಿಮೆಯಾದರೆ ಉಬ್ಬುವುದಿಲ್ಲ. ಹೆಚ್ಚಾಗಿ ನಿಂತರೆ ಉಸಿರಾಡಲು ಗಾಳಿಯಿಲ್ಲದೆ ಕೊಳೆಯುತ್ತದೆ. ಇಷ್ಟೆಲ್ಲ ಮುದ್ದು ಮಾಡಿಸಿಕೊಳ್ಳುವ ಬೀಜ ಇದು.

ಅದಕ್ಕೇ ಪರೀಕ್ಷೆ ಮಾಡದೆ ನಾನು ಯಾರಿಗೂ ಬೀಜ ಕೊಡುವುದಿಲ್ಲ. ಗೋಣಿಚೀಲದ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಹಾಸಬೇಕು. ಅದರ ಮೇಲೆ ಹತ್ತು ಕಾಳಿನ ಹತ್ತು ಸಾಲು. ಮೇಲೊಂದು ಒದ್ದೆ ಗೋಣಿ ಮುಚ್ಚಿ, ಚಾಪೆಯಂತೆ ಸುತ್ತಿ, ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಬೇಕು. ಐದನೇ ದಿನ ಬಿಚ್ಚಿ ಎಣಿಸಬೇಕು. ಎಪ್ಪತ್ತು ಮೊಳೆತರೆ ನಿಶ್ಚಿಂತೆಯಿಂದ ಬಿತ್ತಬಹುದು. ಅದಕ್ಕಿಂತ ಕಡಿಮೆ ಇದ್ದರೆ ಬೀಜ ಹೆಚ್ಚು ಹಾಕಬೇಕು, ತೀರಾ ಕಡಿಮೆ ಇದ್ದರೆ ಬಿತ್ತಲೇಬಾರದು. ಭಾಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬಿಚ್ಚಿದೆ. ಎಂಬತ್ತಾರು! ಬಿಳಿ ಮೊಳಕೆ ಬಾಲ ಬಿಟ್ಟುಕೊಂಡು ಸಾಲಾಗಿ ಮಲಗಿದ್ದವು. ಭಾಬಿ ಅದನ್ನು ಫೋನಿನಲ್ಲಿ ಫೋಟೋ ಹೊಡೆದು ಗಂಡನಿಗೆ ತೋರಿಸಲು ಓಡಿದಳು. ನಾನೂ ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ಮಿರಗದ ಮಳೆ, ಅಂದರೆ ಮೃಗಶಿರಾ, ಚೆನ್ನಾಗಿ ಬಿತ್ತು. ಗೇಣುದ್ದ ಮಣ್ಣು ಹಸಿಯಾಯಿತು. ಭಾಯಿ ಎತ್ತು ಕಟ್ಟಿ ಕೂರಿಗೆ ಹೂಡಿದ, ಭಾಬಿ ತಲೆಗೆ ಸೆರಗು ಬಿಗಿದು ಬಟ್ಟಲಿಗೆ ಕಾಳು ಬಿಟ್ಟಳು. ಎಂಟನೇ ದಿನ ಬೆಳಿಗ್ಗೆ ಭಾಯಿಯ ಫೋನು ಬಂತು. "ಅಕ್ಕಾರ, ಸ್ವಲ್ಪ ಹೊಲಕ್ಕ ಬರ್ರಿ."

ಹೋಗಿ ನೋಡಿದೆ. ಇಲ್ಲೊಂದು ಸಸಿ, ಮೊಳದಾಚೆ ಇನ್ನೊಂದು, ನಡುವೆ ಬರಿ ಕರಿ ನೆಲ. ಸೋಯಾ ಬಿತ್ತಿದ ಹೊಲ ಎಂದು ಹೇಳಬೇಕಾದರೆ ಬಗ್ಗಿ ಹುಡುಕಬೇಕು. ಅಕ್ಕಪಕ್ಕದ ಹೊಲದವರು ನಾಲ್ಕೈದು ಜನ ಆಗಲೇ ಬದುವಿನ ಮೇಲೆ ನಿಂತಿದ್ದರು. ಹುಟ್ಟದ ಹೊಲ ನೋಡಲು ಮಂದಿಗೆ ಎಲ್ಲಿಲ್ಲದ ಪುರುಸೊತ್ತು.

"ಅಕ್ಕಾರ, ಬೀಜದಾಗ ಏನರ ಫರಕ್ ಆಗ್ಯಾದೇನ್ರಿ?" ಎಂದು ಭಾಯಿ ಮೆಲ್ಲಗೇ ಕೇಳಿದ.

ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಲೇ ಇಲ್ಲ. ಬೀಜ ಎಂಬ ಒಂದೇ ಮಾತು ಕೇಳಿಸಿತು. "ನನ್ನ ಬೀಜದಾಗ? ನೂರಕ್ಕ ಎಂಬತ್ತಾರು ಹುಟ್ಟ್ಯಾವ್ರಿ! ನಿಮ್ಮ ಮನಿಯಾಕೀನೇ ಎಣಸ್ಯಾಳ, ಫೋಟೋ ಅದ, ತಗೀರಿ ಫೋನು!"

"ಅಕ್ಕಾ," ಎಂದು ಭಾಬಿ ನಡುವೆ ಬಂದಳು, "ನಾ ಮುಂಜಾನಿ ಕೆದರಿ ನೋಡೇನಿ, ಕಾಳು ಕೊಳತಾವ..."

"ನೀ ಸುಮ್ಕಿರು ಬೇ, ನಾ ನೋಡ್ತೇನಿ," ಎಂದು ಅವಳ ಬಾಯಿ ಮುಚ್ಚಿಸಿ ಕುಕ್ಕರಗಾಲಲ್ಲಿ ಕೂತೆ. ಒಂದು ಖಾಲಿ ಜಾಗದಲ್ಲಿ ಮಣ್ಣು ಕೆದಕಿದೆ. ಕಾಳೂ ಇರಲಿಲ್ಲ, ಸಿಪ್ಪೆಯೂ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಡೆ ಕೆದಕಿದ್ದರೆ ಏನು ಸಿಗುತ್ತಿತ್ತೋ! ನಾನು ಕೆದಕಲಿಲ್ಲ. ಕೆದಕುವ ಮನಸ್ಸೇ ಮಾಡಲಿಲ್ಲ. ಕೈ ಝಾಡಿಸಿ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ನೋಡ್ರಿ, ಕಾಳೇ ಬಿದ್ದಿಲ್ಲ! ಬಟ್ಟಲಕ್ಕ ಕಾಳು ಬಿಡುವಾಗ ಧ್ಯಾನ ಎಲ್ಲಿತ್ತೋ ಏನೋ. ಕೈ ತಪ್ಪಿದ್ರ ಬೀಜ ಏನ್ ಮಾಡ್ತದ? ನೆಲದಾಗ ಬೀಳಲಾರದ್ದು ಹುಟ್ತದೇನು?"

ಬದುವಿನ ಮೇಲಿದ್ದವರು ಹೌದು ಹೌದು ಅಂದರು. ಸರಸಂಬಾದಲ್ಲಿ ಬೀಜದ ವಿಷಯಕ್ಕೆ ನನ್ನ ಮಾತೇ ಕೊನೆಯ ಮಾತು. ಭಾಯಿ ಹೆಂಡತಿಯ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಎರಡು ಮಾತು ಅಂದ. ಭಾಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಮನೆಗೆ ಬಂದೆ.

ನಾಲ್ಕು ದಿನ ಬಿಟ್ಟು ಭಾಯಿ ಖಜೂರಿಯ ತನ್ನ ದೋಸ್ತನಿಂದ ಬೇರೆ ಬೀಜ ತಂದು, ಆರಿದ್ರಾ ಮಳೆಗೆ ಮತ್ತೆ ಬಿತ್ತಿದ. ಬಟ್ಟಲಿಗೆ ಕಾಳು ಬಿಡಲು ಕೂಲಿಯವಳನ್ನು ಕರೆತಂದಿದ್ದ. ನಮ್ಮ ಹೊಲದಿಂದ ನನಗೆ ಎಲ್ಲ ಕಾಣುತ್ತಿತ್ತು. ತನ್ನ ತವರಿನ ಹೊಲದಲ್ಲಿ ಬೇರೆ ಹೆಂಗಸು ಕಾಳು ಬಿಡುತ್ತ ಹೋಗುತ್ತಿದ್ದರೆ, ಭಾಬಿ ನೀರಿನ ಕೊಡ ಇಟ್ಟುಕೊಂಡು ಬದುವಿನ ಮೇಲೆ ನಿಂತಿದ್ದಳು. ಅಲ್ಲಿಗೆ ಅವಳ ಮಾತೂ ಮುಗಿಯಿತು, ಕೈಯೂ ನಿಂತಿತು.

ನನಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಆ ಮೌನದಲ್ಲಿ ನಿನ್ನ ಬೀಜವೇ ಕೆಟ್ಟದ್ದು ಎಂಬ ಆರೋಪ ನನಗೆ ಕೇಳಿಸುತ್ತಿತ್ತು. ತಡಿ, ತೋರಿಸ್ತೇನಿ ಎಂದು ಚೀಲದ ತಳದಲ್ಲಿ ಉಳಿದಿದ್ದ ಸೋಯಾದಲ್ಲಿ ಅರ್ಧವನ್ನು ಮೊರಕ್ಕೆ ಸುರಿದುಕೊಂಡು ಪಡಸಾಲೆಯಲ್ಲಿ ಕೂತೆ. ಮತ್ತೊಮ್ಮೆ ನೂರು ಕಾಳು ಹಾಕಿ, ಮೊಳಕೆ ಬರಿಸಿ, ಅವಳ ಬಾಗಿಲಲ್ಲೇ ಬಿಚ್ಚಿ ತೋರಿಸುವುದು ನನ್ನ ಹಟ. ಟಿವಿಯಲ್ಲಿ ಧಾರಾವಾಹಿ ನಡೆದಿತ್ತು. ಕಣ್ಣು ಅಲ್ಲಿ, ಕೈ ಇಲ್ಲಿ. ನಮ್ಮವರು ಚಹಾ ಕುಡಿಯುತ್ತ ಎದುರು ಕೂತಿದ್ದರು. ಅವರು ಯಾವತ್ತೂ ಹೆಚ್ಚು ಮಾತಾಡುವವರಲ್ಲ. ಬಗ್ಗಿ ನನ್ನ ಮೊಣಕಾಲ ಹತ್ತಿರದಿಂದ ಒಂದು ಹಿಡಿ ಕಾಳು ಎತ್ತಿಕೊಂಡರು.

"ಇವು ಯಾಕ ಒಗದಿ?"

"ಯಾವು?"

ನೋಡಿದೆ. ನನ್ನ ಬಲಗಡೆ ಕಾಳಿನ ಒಂದು ಸಣ್ಣ ಗುಡ್ಡೆ ಬಿದ್ದಿತ್ತು. ಸುಕ್ಕು ಬಿದ್ದವು, ಸಿಪ್ಪೆ ಬಿರಿದವು, ಬಣ್ಣಗೆಟ್ಟವು. "ಅವು ಹಾಳು ಕಾಳು, ಅದಕ ಒಗದೇನಿ," ಅಂದೆ.

"ಭಾಯಿ ಹೊಲದಾಗ ಬಿತ್ತಿದ್ರಲ್ಲ, ಅಲ್ಲಿ ಇವನ್ನ ಯಾರು ಆರಸಿದ್ರು?"

ಅಷ್ಟು ಹೇಳಿ ಅವರು ಕಪ್ಪು ಕೆಳಗಿಟ್ಟು ಹೊರಗೆ ಹೋದರು. ನಾನು ಮೊರದಿಂದ ಕೈ ತೆಗೆದು ನನ್ನ ಬೆರಳನ್ನೇ ನೋಡಿದೆ. ಹುಟ್ಟಿ ಬುದ್ಧಿ ಬಂದಾಗಿನಿಂದ ಕಾಳು ಹಸನು ಮಾಡಿದ ಕೈ ಇದು. ಜೋಳದಲ್ಲಿನ ಹರಳು, ಬೇಳೆಯಲ್ಲಿನ ಕಸ, ಅಕ್ಕಿಯಲ್ಲಿನ ನೆಲ್ಲು, ಯಾವುದನ್ನೂ ಕಣ್ಣು ನೋಡಬೇಕಾಗಿಲ್ಲ, ಬೆರಳೇ ಆರಿಸಿ ಪಕ್ಕಕ್ಕೆ ತಳ್ಳುತ್ತದೆ. ಮಾತಾಡುತ್ತಲೋ ಅಳುತ್ತಲೋ ಇದ್ದರೂ ತಳ್ಳುತ್ತದೆ. ಪರೀಕ್ಷೆಗೆಂದು ನೂರು ಕಾಳು ಎಣಿಸುವಾಗಲೂ ಅದು ತನ್ನ ಕೆಲಸ ಬಿಟ್ಟಿರಲಿಲ್ಲ. ಚೀಲದಲ್ಲಿ ಇದ್ದಂತೆ ನೂರು ತೆಗೆಯುವುದು ಬಿಟ್ಟು, ಚೀಲದಲ್ಲೇ ಚೆಂದದ ನೂರನ್ನು ಆರಿಸಿ ಗೋಣಿಯ ಮೇಲೆ ಇಟ್ಟಿದ್ದೆ. ಎಂಬತ್ತಾರು ಹುಟ್ಟದೆ ಇನ್ನೇನು! ಹಿಂದಿನ ವರ್ಷಗಳಲ್ಲಿ ಫಸಲು ಚೆನ್ನಾಗಿತ್ತು, ಆರಿಸಿದರೂ ಆರಿಸದಿದ್ದರೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಈ ಸೋಯಾ ಕೊಯ್ಲಿನಲ್ಲಿ ಎರಡು ಸಲ ಮಳೆಗೆ ಸಿಕ್ಕು ಒಣಗಿದ್ದು. ಮೇಲೆ ರಾಶಿ ಮಷಿನ್ನಿನವನು ಮುಂದಿನ ಊರಿಗೆ ಹೋಗುವ ಗಡಿಬಿಡಿಯಲ್ಲಿ ಜೋರಾಗಿ ಹೊಡೆದು ಕಾಳಿನ ಸಿಪ್ಪೆ ಬಿರಿಸಿದ್ದ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಬತ್ತಾರರ ಮುಂದೆ ಮರೆತಿದ್ದೆ.

ಮುಖವನ್ನು ಗೋಡೆಯ ಕಡೆ ತಿರುಗಿಸಿ, ಚೀಲಕ್ಕೆ ಕೈ ಹಾಕಿ, ಬಂದದ್ದು ಬಂದಂತೆ ನೂರು ಎಣಿಸಿ ಗೋಣಿ ಸುತ್ತಿದೆ. ಐದು ದಿನ ತಪ್ಪದೆ ನೀರು ಚಿಮುಕಿಸಿದೆ. ಬಿಚ್ಚಿದಾಗ ಮೊಳೆತದ್ದು ನಲವತ್ತೊಂದು. ಉಳಿದವು ಊದಿಕೊಂಡು, ಮೆತ್ತಗಾಗಿ, ಮೂಗು ಮುಚ್ಚುವಂಥ ವಾಸನೆ ಹೊಡೆಯುತ್ತಿದ್ದವು.

ಗೋಣಿಯ ಸುರುಳಿಯನ್ನು ಹಾಗೇ ಎತ್ತಿಕೊಂಡು ಎದುರು ಮನೆಗೆ ಹೋದೆ. ಭಾಬಿ ಒಲೆಯ ಮುಂದಿದ್ದಳು. ಅವಳ ಮುಂದೆ ಬಿಚ್ಚಿಟ್ಟು, "ತಪ್ಪು ನಂದು ಬೇ. ನಿನ್ನ ಕೈ ತಪ್ಪಿಲ್ಲ," ಅಂದೆ. ಅವಳು ಕಾಳನ್ನು ನೋಡಿದಳು, ಮುಟ್ಟಲಿಲ್ಲ.

"ನನಗ ಹೇಳಿದ್ರ ಏನ್ ಆಯ್ತು ಅಕ್ಕಾ? ನನಗ ಅವತ್ತೇ ಗೊತ್ತಿತ್ತು. ಮಂದಿ ಮುಂದ ಅಂದದ್ದು ಮಂದಿ ಮುಂದನ ಹೇಳಬೇಕು."

ಸರಿಯೇ ಹೇಳಿದಳು. ಭಾಯಿ ಬರುವವರೆಗೆ ಕಾದು ಕೂತು ಆತನಿಗೂ ತೋರಿಸಿದೆ, ಬೆರಳಿನ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಆತ ತಲೆ ಅಲ್ಲಾಡಿಸುತ್ತ ನಕ್ಕ.

"ಅಕ್ಕಾರ, ನಿಮ್ಮ ದಿಲ್ ದೊಡ್ಡದ್ರಿ. ಈಕಿ ನಿಮ್ಮ ಮುಂದ ಅತ್ತಿರಬೇಕು, ಅದಕ ತಪ್ಪು ನಿಮ್ಮ ಮೈಮ್ಯಾಲ ಹಾಕೊಳಾಕತ್ತೀರಿ."

"ಅಲ್ರಿ ಭಾಯಿ, ಕಾಳು ನೋಡ್ರಿ! ಕೊಳತಾವ!"

"ಚೀಲದ ತಳದ್ದು ಹಂಗ ಇರ್ತದ್ರಿ. ಬಿಡ್ರಿ, ಆಗಿದ್ದು ಆಯ್ತು. ಚಾ ತಗೋರಿ."

ಅವತ್ತು ಬದುವಿನ ಮೇಲಿದ್ದವರ ಹೆಂಡಿರೆಲ್ಲ ಸಿಗುವುದು ಹಿಟ್ಟಿನ ಗಿರಣಿಯಲ್ಲಿ. ಅಲ್ಲಿಗೂ ಹೋಗಿ ಹೇಳಿದೆ. ಗಿರಣಿಯ ಸದ್ದಿಗಿಂತ ಜೋರಾಗಿ ಕೂಗಿ ಹೇಳಿದೆ. "ಎದುರು ಮನಿಯಾಕಿ ಮ್ಯಾಲ ಎಷ್ಟ ಜೀವ ನೋಡ್ರಿ ಈಕಿಗಿ," ಎಂದು ಒಬ್ಬಳು ಕಣ್ಣೊರೆಸಿಕೊಂಡಳು. "ಎಲ್ಲಾರಿಗೂ ಬರಂಗಿಲ್ಲ ಬಿಡ್ರಿ ಇಂಥಾ ಮನಸು," ಎಂದಳು ಇನ್ನೊಬ್ಬಳು. ನಾನು ಸಿಟ್ಟಿನಿಂದ ಬುಟ್ಟಿ ಕುಕ್ಕಿ, "ಹುಚ್ಚರೇನ್ರಿ ನೀವು? ಬೀಜ ಕೆಟ್ಟಿತ್ತು ಅಂತ ನಾನ ಹೇಳಾಕತ್ತೇನಿ!" ಎಂದು ಚೀರಿದೆ. ಚೀರಿದಷ್ಟೂ ನನ್ನ ದೊಡ್ಡಸ್ತಿಕೆ ಬೆಳೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮವ್ವ ಹೇಳುತ್ತಿದ್ದಳು. ಹೊಲದಲ್ಲಿ ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದ ಊರು, ಖರೆ ಹೇಳಿದಾಗ ನನ್ನನ್ನು ಪುಣ್ಯವಂತೆ ಮಾಡಿ ಕೂರಿಸಿತು. ಮನೆಗೆ ಬಂದು ಹಿಟ್ಟಿನ ಬುಟ್ಟಿಯ ಮುಂದೆ ಕೂತು ಅತ್ತುಬಿಟ್ಟೆ.

ಮರುವರ್ಷ ನಾವು ಮತ್ತೆ ಸೋಯಾ ಬೆಳೆದಿದ್ದೆವು. ಮಳೆಗೆ ಸಿಗದ ಒಳ್ಳೆಯ ಫಸಲು. ಬೀಜದ ಪಾಲನ್ನು ಮಷಿನ್ನಿಗೆ ಹಾಕಗೊಡದೆ ಕೋಲಿನಿಂದ ಮೆಲ್ಲಗೆ ಬಡಿಸಿದೆ. ಚೀಲದ ಮೇಲೆ ಚೀಲ ಹೇರಲಿಲ್ಲ. ಆರಿಸದೆ ಎಣಿಸಿದ ನೂರರಲ್ಲಿ ಎಪ್ಪತ್ತೊಂಬತ್ತು ಮೊಳೆತವು. ಈ ವರ್ಷ ಮಿರಗ ಕೂಡುವ ಮುಂಚೆ ಭಾಯಿ ತಾನೇ ಖಾಲಿ ಚೀಲ ಹಿಡಿದು ಬಂದ. ಹಿಂದೆ ಭಾಬಿಯೂ ಬಂದು ಬಾಗಿಲ ಹತ್ತಿರ ನಿಂತಳು.

"ಅಕ್ಕಾರ, ಬೀಜ ಮಾತ್ರ ನಿಮ್ಮದ ಕೊಡ್ರಿ. ಕೈ ಈ ಸಲಾನೂ ಬ್ಯಾರೇದವ್ರದು ಹಚ್ತೇನಿ, ಫಿಕರ್ ಮಾಡಬ್ಯಾಡ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಖರೆ ಹೇಳಿ ಹೇಳಿ ಸಾಕಾಗಿತ್ತು. "ನೋಡ್ರಿ ಭಾಯಿ," ಅಂದೆ, "ನನ್ನ ಬೀಜಕ್ಕ ಈಕಿ ಕೈನೇ ಆಗಬೇಕು. ಆ ಸಲ ಏನೋ ವ್ಯಾಳ್ಯಾ ಸರಿ ಇರಲಿಲ್ಲ, ಆಯ್ತು. ಬ್ಯಾರೆ ಕೈ ಹಚ್ಚಿದ್ರ ಒಂದು ಕಾಳೂ ಹುಟ್ಟಂಗಿಲ್ಲ. ಒಪ್ಪಿದ್ರ ತಗೋರಿ, ಇಲ್ಲಂದ್ರ ಚೀಲ ಇಲ್ಲೇ ಇರ್ಲಿ."

ಬೀಜಕ್ಕೆ ನೀರು, ಗಾಳಿ, ಬೆಚ್ಚಗಿನ ಮಣ್ಣು ಬೇಕು. ಯಾರ ಕೈ ಎಂದು ಅದು ಕೇಳುವುದಿಲ್ಲ. ನನಗೂ ಗೊತ್ತು. ಆದರೆ ಭಾಯಿ ಒಂದು ಗಳಿಗೆಯೂ ಯೋಚಿಸಲಿಲ್ಲ.

"ನೀವು ಅಂದ ಮ್ಯಾಲ ಮುಗೀತ್ರಿ. ಈಕೀನೇ ಬಿಡ್ತಾಳ," ಎಂದು ಚೀಲ ಹೆಂಡತಿಯ ಕೈಗೆ ಕೊಟ್ಟು, ಎತ್ತು ನೋಡಬೇಕೆಂದು ಹೋದ.

ನಾನು ಗೆದ್ದವಳ ಹಾಗೆ ಭಾಬಿಯ ಕಡೆ ನೋಡಿದೆ. ಅವಳು ಚೀಲದ ಬಾಯಿ ಅಗಲಿಸಿ ಹಿಡಿದು ನನ್ನ ಮುಂದೆ ಕೂತಳು. ನಾನು ಬೀಜ ಅಳೆದು ಹಾಕತೊಡಗಿದೆ.

"ನೀ ಸುಳ್ಳು ಹೇಳಿದ್ರೂ ಅವ್ರು ಹೂಂ ಅಂತಾರ ಅಕ್ಕಾ," ಎಂದಳು, ತಲೆ ಎತ್ತದೆ. "ನಾ ಅವತ್ತು ಖರೆ ಹೇಳಾಕ ಬಂದಿದ್ನಿ. ಅವ್ರು ಕೇಳಲಿಲ್ಲ ಬಿಡು, ಅವ್ರು ಎಂದೂ ಕೇಳಿಲ್ಲ. ನೀ ಯಾಕ ಕೇಳಲಿಲ್ಲ?"

ನಾನು ಕೊನೆಯ ಅಳತೆ ಹಾಕಿದೆ. ಅವಳು ಚೀಲದ ಬಾಯಿ ಕಟ್ಟಿ, ನಾನು ಎತ್ತಿಕೊಡಲು ಬಗ್ಗುವಷ್ಟರಲ್ಲಿ ತಾನೇ ಎತ್ತಿ ಹೆಗಲಿಗಿಟ್ಟುಕೊಂಡು ಮನೆಗೆ ಹೋದಳು.